ನೀಹಾರಿಕೆಯ ನಡುವಣ ಬಿಸಿ ತಾರೆ



ಇಂದಿನ ಉಪನ್ಯಾಸಕ್ಕೆ ಗೊತ್ತುಪಡಿಸಿದ ವಿಷಯ 'ಗ್ರಹೀಯ ನೀಹಾರಿಕೆಗಳು ಮತ್ತು ಅವುಗಳ ಕೇಂದ್ರ ತಾರೆಗಳು' ಎಂಬುದಾಗಿದೆ. ನಾನು ಖಗೋಳ ವಿಜ್ಞಾನಿಯಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕುಳಿತು, ಇತರರು ಬರೆದುದನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಆದುದರಿಂದ ಹೆಸರಿನಿಂದಲೇ ಆರಂಭಿಸಲು ತಮ್ಮ ಅನುಮತಿ ಬೇಡುತ್ತೇನೆ. ಈ ಹೆಸರಿನಲ್ಲಿರುವ ಎರಡು ಪದಗಳಲ್ಲಿ ಮೊದಲನೆಯದು ವಸ್ತುಸ್ಥಿತಿಗೆ ಸಂಪೂರ್ಣವಾಗಿ ವಿರುದ್ಧವಾದುದು. ಈ ನೀಹಾರಿಕೆಗಳಿಗೂ ಗ್ರಹಗಳಿಗೂ ಯಾವ ಸಂಬಂಧವೂ ಇಲ್ಲ.

ಹದಿನೆಂಟನೆಯ ಶತಮಾನದ ದೂರದರ್ಶಕಗಳಲ್ಲಿ ನಕ್ಷತ್ರ ಎಂದಿಗೂ ಒಂದು ಬಿಂದುವಾಗಿಯೇ ಕಾಣುತ್ತಿತ್ತು. ಗ್ರಹ ಮಾತ್ರ ಪುಟ್ಟ ಬಿಲ್ಲೆಯಂತೆ ಕಾಣುತ್ತಿತ್ತು. ಇಂಗ್ಲೆಂಡಿನ ವಿಲಿಯಂ ಹರ್ಷೆಲ್ 1780ರ ದಶಕದಲ್ಲಿ ಆಕಾಶವನ್ನು ಅಂಗುಲ ಅಂಗುಲವಾಗಿ ಶೋಧಿಸುತ್ತಿದ್ದಾಗ ಮಸುಕಾದ, ದುಂಡನೆಯ ಕೆಲವು ಬಿಲ್ಲೆಗಳು ಗೋಚರಿಸಿದವು. ಅವು ತಾನೇ 1781ರಲ್ಲಿ ಕಂಡುಹಿಡಿದಿದ್ದ ಯುರೇನಸ್ ಗ್ರಹದ ಬಿಲ್ಲೆಯನ್ನು ಹೋಲುತ್ತಿದ್ದವು. ರೂಪದ ಈ ಹೋಲಿಕೆಯಿಂದ ಹುಟ್ಟಿದ ಹೆಸರು ಇಂದಿಗೂ ಉಳಿದಿದೆ. ಕನ್ನಡದಲ್ಲಿ ಇದನ್ನು ಬದಲಿಸಿಬಿಡಬಾರದೇಕೆ ಎಂದು ಕೇಳುವವರುಂಟು. ಬದಲಿಸಬಾರದೆಂಬುದೇ ನನ್ನ ಅಭಿಮತ. ಜಗತ್ತಿನ ಎಲ್ಲ ಗ್ರಂಥಾಲಯಗಳೂ ಒಂದು ಹೆಸರಿನಿಂದ ಕರೆಯುವ ವಸ್ತುವನ್ನು ನಾವು ಮಾತ್ರ ಬೇರೆ ಹೆಸರಿನಿಂದ ಕರೆದರೆ, ನಮ್ಮ ವಿದ್ಯಾರ್ಥಿ ನಾಳೆ ಆಕರ ಗ್ರಂಥವನ್ನು ತೆರೆದಾಗ ದಾರಿ ತಪ್ಪುತ್ತಾನೆ. ಹೆಸರನ್ನು ಉಳಿಸಿಕೊಂಡು ಅದರ ಕಥೆಯನ್ನು ಹೇಳುವುದೇ ಲೇಸು. ನೀಹಾರ ಎಂದರೆ ಮಂಜು. ಆ ಎರಡನೆಯ ಪದವಾದರೂ ವಸ್ತುವಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ಈ ಮಂಜು ಯಾವುದು? ಸೂರ್ಯನಂತಹ ಅಥವಾ ಅದಕ್ಕಿಂತ ಕೆಲವು ಪಟ್ಟು ಭಾರವಾದ ನಕ್ಷತ್ರ ತನ್ನ ಒಡಲಿನ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ ಕೋಟಿಗಟ್ಟಲೆ ವರ್ಷ ಬೆಳಗುತ್ತದೆ. ಒಳಗಣ ಇಂಧನ ತೀರುತ್ತ ಬಂದಂತೆ ಅದರ ಹೊರಮೈ ಉಬ್ಬಿ, ತಂಪಾಗಿ, ಕೆಂಪು ದೈತ್ಯವಾಗುತ್ತದೆ. ಈ ಅವಸ್ಥೆಯ ಕೊನೆಯ ಘಟ್ಟದಲ್ಲಿ ನಕ್ಷತ್ರ ತನ್ನ ಹೊರ ಪದರಗಳನ್ನು ಮಂದವಾದ ಗಾಳಿಯಂತೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಉಳಿಯುವುದು ತಿರುಳು ಮಾತ್ರ. ಗಾತ್ರದಲ್ಲಿ ಅದು ಕುಗ್ಗುತ್ತ ಹೋದಂತೆ ಮೇಲ್ಮೈಯ ಉಷ್ಣತೆ ಏರುತ್ತದೆ. ಸುಮಾರು 25,000ದಿಂದ 30,000 ಕೆಲ್ವಿನ್ ಮುಟ್ಟಿದಾಗ ಅದರಿಂದ ಹೊಮ್ಮುವ ಅತಿನೇರಳೆ ಕಿರಣಗಳು ಸುತ್ತಲಿನ ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತುಹಾಕಲಾರಂಭಿಸುತ್ತವೆ. ಅಲ್ಲಿಯವರೆಗೆ ಕತ್ತಲಲ್ಲಿದ್ದ ಅನಿಲ ಒಮ್ಮೆಗೇ ಬೆಳಗುತ್ತದೆ. ಇದೇ ಗ್ರಹೀಯ ನೀಹಾರಿಕೆ. ಇದರ ಆಯುಷ್ಯ ಕೆಲವೇ ಸಾವಿರ ವರ್ಷ, ಹೆಚ್ಚೆಂದರೆ ಕೆಲವು ಹತ್ತು ಸಾವಿರ ವರ್ಷ. ಅಷ್ಟರಲ್ಲಿ ಅನಿಲ ಚದುರಿಹೋಗುತ್ತದೆ. ತಿರುಳು ಶ್ವೇತ ಕುಬ್ಜವಾಗಿ ನಿಧಾನವಾಗಿ ತಣಿಯುತ್ತದೆ. ನಕ್ಷತ್ರದ ಜೀವಮಾನದೊಡನೆ ಹೋಲಿಸಿದರೆ ಇದು ಒಂದು ಕ್ಷಣವೇ ಸರಿ. ಆದುದರಿಂದಲೇ ನಮ್ಮ ಆಕಾಶಗಂಗೆಯಲ್ಲಿ ಅಸಂಖ್ಯ ನಕ್ಷತ್ರಗಳಿದ್ದರೂ ಇದುವರೆಗೆ ಗುರುತಿಸಲಾದ ಗ್ರಹೀಯ ನೀಹಾರಿಕೆಗಳು ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು, ಅಷ್ಟೆ.

ನಮ್ಮ ಸೂರ್ಯನಿಗೂ ಇನ್ನು ಸುಮಾರು 500 ಕೋಟಿ ವರ್ಷಗಳ ತರುವಾಯ ಇದೇ ಗತಿ. ಅದು ಕಣ್ಣಿಗೆ ಕಾಣುವಂತಹ ನೀಹಾರಿಕೆಯನ್ನು ಬೆಳಗಿಸಬಲ್ಲುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ಸಂದೇಹವಿತ್ತು. 2018ರಲ್ಲಿ ಪ್ರಕಟವಾದ ಹೊಸ ಲೆಕ್ಕಾಚಾರವೊಂದರ ಪ್ರಕಾರ ಬೆಳಗಿಸಬಲ್ಲುದು, ಆದರೆ ಬಹಳ ಮಸುಕಾಗಿ. ಅದನ್ನು ನೋಡಲು ನಾವಾರೂ ಇರುವುದಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ನೀಹಾರಿಕೆಯು ಅನಿಲವೆಂಬುದು ತಿಳಿದದ್ದು ರೋಹಿತದರ್ಶಕದ ಸಹಾಯದಿಂದ. 1864ರ ಆಗಸ್ಟ್ 29ರ ರಾತ್ರಿ ಲಂಡನ್ನಿನಲ್ಲಿ ವಿಲಿಯಂ ಹಗಿನ್ಸ್ ಇಂತಹ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದ ಮೂಲಕ ನೋಡಿದಾಗ, ನಕ್ಷತ್ರಗಳಲ್ಲಿರುವಂತೆ ಬಣ್ಣಗಳ ಅಖಂಡ ಪಟ್ಟಿ ಕಾಣದೆ ಕೆಲವೇ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಪ್ರಬಲವಾದ ಹಸಿರು ಗೆರೆ ಭೂಮಿಯ ಯಾವ ಮೂಲವಸ್ತುವಿಗೂ ಸೇರಿದಂತಿರಲಿಲ್ಲ. 1868ರಲ್ಲಿ ಸೂರ್ಯನ ರೋಹಿತದಲ್ಲಿ ಕಂಡ ಹಳದಿ ಗೆರೆಯೊಂದರಿಂದ ಹೀಲಿಯಂ ಎಂಬ ಹೊಸ ಮೂಲವಸ್ತುವನ್ನು ಊಹಿಸಿ, ಆ ಊಹೆ 1895ರಲ್ಲಿ ಭೂಮಿಯ ಮೇಲೆಯೇ ನಿಜವಾದ ನಿದರ್ಶನವಿತ್ತು. ಹಾಗೆಯೇ ಈ ಹಸಿರು ಗೆರೆಗೂ 'ನೆಬ್ಯುಲಿಯಂ' ಎಂಬ ಮೂಲವಸ್ತುವನ್ನು ಕಲ್ಪಿಸಲಾಯಿತು. ಈ ಸಲ ಊಹೆ ಫಲಿಸಲಿಲ್ಲ. 1927ರಲ್ಲಿ ಅಮೆರಿಕದ ಇರಾ ಬೋವೆನ್ ಅದು ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಗೆರೆಯೆಂದು ತೋರಿಸಿದರು. ಭೂಮಿಯಲ್ಲಿ ಆ ಗೆರೆ ಏಕೆ ಕಾಣುವುದಿಲ್ಲ? ನಾವು ಉಸಿರಾಡುವ ಗಾಳಿಯಲ್ಲಿ ಅಣುಗಳು ಎಷ್ಟು ದಟ್ಟವಾಗಿವೆಯೆಂದರೆ, ಆಮ್ಲಜನಕದ ಅಯಾನು ಆ ಬೆಳಕನ್ನು ಹೊರಸೂಸುವ ಮೊದಲೇ ಬೇರೊಂದು ಕಣ ಬಂದು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ನೀಹಾರಿಕೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವು ಸಾವಿರ ಕಣಗಳು ಮಾತ್ರ. ಪ್ರಯೋಗಶಾಲೆಯ ನಿರ್ವಾತವೂ ಅದಕ್ಕಿಂತ ದಟ್ಟವಾದುದು. ಅಲ್ಲಿ ಅಯಾನಿಗೆ ಕಾಯಲು ಸಾಕಷ್ಟು ಬಿಡುವುಂಟು. ಇವುಗಳನ್ನು 'ನಿಷಿದ್ಧ ರೇಖೆಗಳು' ಎನ್ನುತ್ತಾರೆ.

ಈಗ ಕೇಂದ್ರ ತಾರೆಯ ವಿಚಾರ. ಅದು ಅತ್ಯಂತ ಬಿಸಿಯಾದ ತಾರೆಗಳಲ್ಲೊಂದು. ಆದರೂ ನೋಡಲು ಬಹಳ ಮಸುಕು. ಇದು ವಿರೋಧಾಭಾಸದಂತೆ ತೋರಬಹುದು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್. ಅದರ ಬೆಳಕು ಬಹುಪಾಲು ನಮ್ಮ ಕಣ್ಣಿಗೆ ಕಾಣುವ ಹಾಗೂ ಅದರ ಅಕ್ಕಪಕ್ಕದ ಬಣ್ಣಗಳಲ್ಲಿದೆ. ಒಂದು ಲಕ್ಷ ಕೆಲ್ವಿನ್ನಿನ ತಾರೆಯಾದರೋ ತನ್ನ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲನ್ನೂ ಕಾಣುವ ಬೆಳಕಿನಲ್ಲಿ ಹೊರಸೂಸುವುದಿಲ್ಲ. ಮಿಕ್ಕದ್ದು ಹೆಚ್ಚುಕಡಿಮೆ ಎಲ್ಲವೂ ಅತಿನೇರಳೆ. ಸುತ್ತಲಿನ ಅನಿಲ ಈ ಕಾಣದ ಶಕ್ತಿಯನ್ನು ನುಂಗಿ ಕಾಣುವ ಬೆಳಕಾಗಿ ಕೊಡುತ್ತದೆ. ನಮ್ಮ ಕಚೇರಿಗಳಲ್ಲಿ ಬಹುಕಾಲ ಉರಿದ ಟ್ಯೂಬ್‌ಲೈಟನ್ನು ನೆನಪಿಸಿಕೊಳ್ಳಿ. ಅದರೊಳಗೆ ಪಾದರಸದ ಆವಿ ಹೊರಸೂಸುವುದು ಮುಖ್ಯವಾಗಿ ಅತಿನೇರಳೆ ಕಿರಣಗಳನ್ನು. ಕೊಳವೆಯ ಒಳಮೈಗೆ ಬಳಿದ ಬಿಳಿಯ ಪುಡಿ ಅವುಗಳನ್ನು ನಮಗೆ ಬೇಕಾದ ಬೆಳಕಾಗಿ ಪರಿವರ್ತಿಸುತ್ತದೆ. ಕೇಂದ್ರ ತಾರೆ ಆ ಆವಿಯ ಸ್ಥಾನದಲ್ಲಿದ್ದರೆ ನೀಹಾರಿಕೆ ಆ ಪುಡಿಯ ಸ್ಥಾನದಲ್ಲಿದೆ.

ಇದರಿಂದಲೇ ತಾರೆಯ ಉಷ್ಣತೆಯನ್ನು ಅಳೆಯುವ ಒಂದು ಜಾಣ ವಿಧಾನ ಹುಟ್ಟಿತು. ಹಾಲೆಂಡಿನ ಹರ್ಮನ್ ಜಾನ್‌ಸ್ಟ್ರಾ 1920ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ತಕ್ಕಷ್ಟು ಶಕ್ತಿಯುಳ್ಳ ಒಂದೊಂದು ಅತಿನೇರಳೆ ಕಣವೂ ಒಂದೊಂದು ಜಲಜನಕದ ಪರಮಾಣುವನ್ನು ಒಡೆಯುತ್ತದೆ. ಒಡೆದ ಪರಮಾಣು ಮತ್ತೆ ಕೂಡಿಕೊಳ್ಳುವಾಗ ಗೊತ್ತಾದ ಬಣ್ಣದ ಬೆಳಕನ್ನು ಕೊಡುತ್ತದೆ. ಆ ಬೆಳಕನ್ನು ಎಣಿಸಿದರೆ ತಾರೆಯಿಂದ ಹೊರಟ ಅತಿನೇರಳೆಯ ಮೊತ್ತ ದೊರೆಯುತ್ತದೆ. ಅದನ್ನು ತಾರೆಯ ಕಾಣುವ ಬೆಳಕಿನೊಡನೆ ಹೋಲಿಸಿದರೆ ಉಷ್ಣತೆ ಗೊತ್ತಾಗುತ್ತದೆ. ಖರ್ಚಿನ ಚೀಟಿಗಳಿಂದ ಜಮೆಯನ್ನು ಪತ್ತೆ ಹಚ್ಚುವ ಲೆಕ್ಕ ತಪಾಸಣೆಯಂತೆ ಇದು. ಅನಿಲ ವಿರಳವಾಗಿದ್ದು ಕಿರಣಗಳು ಹೊರಗೆ ಸೋರಿಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಗ ತಾರೆ ಇರುವುದಕ್ಕಿಂತ ತಂಪಾಗಿ ತೋರುತ್ತದೆ. ಅನಿಲದಲ್ಲಿ ಯಾವ ಉಷ್ಣತೆಗೆ ಎಷ್ಟು ಪರಮಾಣುಗಳು ಇಲೆಕ್ಟ್ರಾನು ಕಳೆದುಕೊಳ್ಳುತ್ತವೆಂಬ ಲೆಕ್ಕವನ್ನು ಮೊದಲು ಸಮೀಕರಣವಾಗಿ ಕೊಟ್ಟವರು ನಮ್ಮ ಮೇಘನಾದ ಸಾಹಾ, 1920ರಲ್ಲಿ.

ಇಷ್ಟು ಪೀಠಿಕೆಯ ಬಳಿಕ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಪ್ರಸಂಗಕ್ಕೆ ಬರುತ್ತೇನೆ. ಅದು ಬೆಂಗಳೂರಿಗೆ ಸಂಬಂಧಿಸಿದ್ದು.

ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ತಮ್ಮಲ್ಲಿ ಅನೇಕರು ಹೊರಗಿನಿಂದಲಾದರೂ ನೋಡಿರಬಹುದು. ವೇಣು ಬಾಪು ಅವರು ಕಟ್ಟಿ ಬೆಳೆಸಿದ ಸಂಸ್ಥೆ ಅದು. ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ ಅದರ ವೀಕ್ಷಣಾಲಯವಿದೆ; 1986ರಿಂದ ಅಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕವಿದೆ. ಈ ಸಂಸ್ಥೆಯ ಎಂ. ಪಾರ್ಥಸಾರಥಿ ಅವರು ಡಚ್ ಪ್ರಯೋಗಶಾಲೆಯಲ್ಲಿದ್ದ ಸ್ಟುವರ್ಟ್ ಪೊಟಾಷ್ ಅವರೊಡನೆ 1980ರ ದಶಕದಲ್ಲಿ, 'ಐರಾಸ್' ಉಪಗ್ರಹ ಒದಗಿಸಿದ ಅವಗೆಂಪು ಮಾಹಿತಿಯನ್ನು ಪರಿಶೀಲಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಕೆಂಪು ದೈತ್ಯದ ಅವಸ್ಥೆಯನ್ನು ದಾಟಿ ಇನ್ನೂ ನೀಹಾರಿಕೆಯಾಗದ, ನಡುದಾರಿಯಲ್ಲಿರುವ ತಾರೆಗಳು. ಅಂತಹ ತಾರೆ ಆಗತಾನೇ ಬಿಟ್ಟುಕೊಟ್ಟ ಧೂಳು ತಣ್ಣಗೆ ಸುತ್ತುವರಿದಿರಬೇಕು; ಧೂಳು ಅವಗೆಂಪಿನಲ್ಲಿ ಬೆಳಗಬೇಕು. 1986ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ನಡುದಾರಿಯ ತಾರೆಗಳ ಅಧ್ಯಯನಕ್ಕೆ ಒಂದು ಅಡಿಗಲ್ಲಾಯಿತು.

ಹೀಗೆ ಆರಿಸಿದ ತಾರೆಗಳಲ್ಲಿ ಒಂದು ದಕ್ಷಿಣದ ಆಕಾಶದಲ್ಲಿ, ಆರಾ ಅಥವಾ ಬಲಿಪೀಠವೆಂಬ ನಕ್ಷತ್ರಪುಂಜದಲ್ಲಿದೆ. ಪಟ್ಟಿಯಲ್ಲಿ ಅದರ ಹೆಸರು ಎಸ್‌ಎಒ 244567. ಇಲ್ಲಿ ದೆಹಲಿಯಲ್ಲಿ ಅದು ದಿಗಂತದಿಂದ ಎರಡು ಡಿಗ್ರಿಯಷ್ಟೂ ಮೇಲೇರುವುದಿಲ್ಲ. ಬೆಂಗಳೂರಿನವರಿಗೆ ದಕ್ಷಿಣದಲ್ಲಿ ತಕ್ಕಮಟ್ಟಿಗೆ ಏರುತ್ತದೆ. 1971ರಲ್ಲಿ ತೆಗೆದ ಅದರ ರೋಹಿತ ಸಾಧಾರಣವಾದ ನೀಲಿ ತಾರೆಯದಾಗಿತ್ತು. ಉಷ್ಣತೆ ಸುಮಾರು 21,000 ಕೆಲ್ವಿನ್. 1990ರ ಸುಮಾರಿಗೆ ಅದೇ ತಾರೆಯ ರೋಹಿತವನ್ನು ಮತ್ತೆ ತೆಗೆದಾಗ ನಿಷಿದ್ಧ ರೇಖೆಗಳು ಎದ್ದು ನಿಂತಿದ್ದವು. ಎಂದರೆ ಈ ನಡುವೆ ಅಲ್ಲಿ ಒಂದು ನೀಹಾರಿಕೆ ಬೆಳಗಿತ್ತು! 1993ರಲ್ಲಿ ಪಾರ್ಥಸಾರಥಿ ಮತ್ತು ಸಂಗಡಿಗರು, ಕಳೆದ ನಲವತ್ತು ವರ್ಷಗಳೊಳಗೆ ಗ್ರಹೀಯ ನೀಹಾರಿಕೆಯಾಗಿ ಮಾರ್ಪಟ್ಟ ತಾರೆ ಇದೆಂದು ಪ್ರಕಟಿಸಿದರು. ನಕ್ಷತ್ರಗಳ ಪರಿವರ್ತನೆಯನ್ನು ಲಕ್ಷ, ಕೋಟಿ ವರ್ಷಗಳಲ್ಲಿ ಎಣಿಸುವ ಶಾಸ್ತ್ರದಲ್ಲಿ ಇದು ಎಂತಹ ಮಾತೆಂಬುದನ್ನು ತಾವೇ ಊಹಿಸಬಹುದು. ಒಬ್ಬ ಸರ್ಕಾರಿ ನೌಕರನ ಸೇವಾವಧಿಗಿಂತ ತುಸು ಹೆಚ್ಚಾದ ಕಾಲದಲ್ಲಿ ಒಂದು ತಾರೆ ತನ್ನ ಅವಸ್ಥೆಯನ್ನೇ ಬದಲಿಸಿತ್ತು.

ಮುಂದಿನ ಸಂಗತಿ ಇನ್ನೂ ವಿಚಿತ್ರ. 'ಐಯುಇ' ಎಂಬ ಅತಿನೇರಳೆ ಉಪಗ್ರಹದ ದಾಖಲೆಗಳನ್ನು ಜೋಡಿಸಿ ನೋಡಿದಾಗ, 1988ರಿಂದ ಕೆಲವೇ ವರ್ಷಗಳಲ್ಲಿ ಕೇಂದ್ರ ತಾರೆಯ ಹೊಳಪು ಮೂರರಲ್ಲಿ ಒಂದು ಭಾಗಕ್ಕೆ ಇಳಿದುದು ಕಂಡುಬಂತು. ಹಬಲ್ ದೂರದರ್ಶಕ 1996ರಲ್ಲಿ ತೆಗೆದ ಚಿತ್ರ 1998ರಲ್ಲಿ ಪ್ರಕಟವಾಯಿತು. ಅದರ ಆಕಾರವನ್ನು ಕಂಡು 'ಸ್ಟಿಂಗ್‌ರೇ' ಎಂದು ಹೆಸರಿಟ್ಟರು. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನದು. ಆ ಚಿತ್ರದಲ್ಲಿ ಕೇಂದ್ರ ತಾರೆಗೆ ಒಂದು ಸಂಗಾತಿ ತಾರೆಯಿರುವುದೂ ತಿಳಿಯಿತು. ಆಮೇಲೆ ಜರ್ಮನಿಯ ನಿಕೋಲ್ ರೈಂಡ್ಲ್ ಮತ್ತು ಸಂಗಡಿಗರು 2014 ಹಾಗೂ 2017ರಲ್ಲಿ ಹಳೆಯ, ಹೊಸ ರೋಹಿತಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. 1988ರಲ್ಲಿ ಸುಮಾರು 38,000 ಕೆಲ್ವಿನ್ ಇದ್ದ ಉಷ್ಣತೆ 2002ರಲ್ಲಿ 60,000ಕ್ಕೆ ಏರಿ, ಬಳಿಕ ಇಳಿಯತೊಡಗಿ, 2015ರ ವೇಳೆಗೆ 50,000ದ ಆಸುಪಾಸಿಗೆ ಬಂದಿತ್ತು. ಬಿಸಿಯಾಗುತ್ತಲೇ ಹೋಗಬೇಕಾದ ತಾರೆ ಹಿಂದಿರುಗುತ್ತಿತ್ತು. ತಿರುಳಿನ ಸುತ್ತ ಉಳಿದಿದ್ದ ಹೀಲಿಯಂ ಪದರ ಕೊನೆಯದಾಗಿ ಒಮ್ಮೆ ಭುಗಿಲೆದ್ದುದೇ ಇದಕ್ಕೆ ಕಾರಣವಿರಬೇಕೆಂಬುದು ಅವರ ವಿವರಣೆ. ಅದು ನಿಜವಾದರೆ ತಾರೆ ಮತ್ತೆ ಉಬ್ಬಿ, ತಂಪಾಗಿ, ಇನ್ನೊಮ್ಮೆ ದೈತ್ಯರೂಪಕ್ಕೆ ಮರಳುತ್ತದೆ. ಹಬಲ್ 2016ರಲ್ಲಿ ಪುನಃ ಚಿತ್ರ ತೆಗೆದಾಗ ನೀಹಾರಿಕೆಯೇ ಬಹುಮಟ್ಟಿಗೆ ಮಾಸಿಹೋಗಿತ್ತು. ದೀಪದ ಬತ್ತಿ ತಗ್ಗಿದಂತೆ ಕೋಣೆಯೂ ಕತ್ತಲಾಗುತ್ತ ಬಂದಿತ್ತು.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿದುದು ಬೇರೊಂದು ಅಂಶ. 1971ರ ಆ ರೋಹಿತವನ್ನು ತೆಗೆದವರಿಗೆ ಮುಂದೆ ಹೀಗಾಗುವುದೆಂದು ತಿಳಿದಿರಲಿಲ್ಲ. ಸಾವಿರಾರು ತಾರೆಗಳಲ್ಲಿ ಒಂದೆಂದು ತೆಗೆದರು, ದಾಖಲಿಸಿದರು, ಯಾರೋ ಜೋಪಾನವಾಗಿ ಇಟ್ಟರು. ಆ ದಾಖಲೆ ಇಲ್ಲದಿದ್ದರೆ 1990ರ ವೀಕ್ಷಕರಿಗೆ ಅಲ್ಲಿ ಇನ್ನೊಂದು ಸಾಮಾನ್ಯ ನೀಹಾರಿಕೆ ಕಾಣುತ್ತಿತ್ತು, ಅಷ್ಟೆ. ಕಡತಗಳ ನಡುವೆ ಬದುಕುವ ನನ್ನಂತಹವನಿಗೆ ಇದು ಸಮಾಧಾನದ ವಿಷಯ. ಕೊಡೈಕೆನಾಲ್ ಮತ್ತು ಕಾವಲೂರುಗಳ ಹಳೆಯ ಛಾಯಾಫಲಕಗಳನ್ನು ಅಂಕರೂಪಕ್ಕೆ ತರುವ ಕೆಲಸಕ್ಕೆ ಹಣ ಏಕೆ ವೆಚ್ಚ ಮಾಡಬೇಕೆಂದು ಕೇಳುವವರಿಗೆ ಈ ತಾರೆಯನ್ನು ತೋರಿಸಬಹುದು.

ಕೇಂದ್ರ ತಾರೆಯನ್ನು ಅದರದೇ ಬೆಳಕಿನಲ್ಲಿ ನೋಡಬೇಕೆಂದರೆ ವಾಯುಮಂಡಲದಿಂದ ಹೊರಗೆ ಹೋಗಬೇಕು; ಅತಿನೇರಳೆಯ ಬಹುಭಾಗವನ್ನು ನಮ್ಮ ಗಾಳಿ ತಡೆಯುತ್ತದೆ. ಬಹುಕಾಲ ಇದಕ್ಕೆ ನಾವು ಪರದೇಶಗಳ ಉಪಗ್ರಹಗಳನ್ನೇ ಅವಲಂಬಿಸಬೇಕಾಗಿತ್ತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಉಡಾಯಿಸಲಾದ ಆಸ್ಟ್ರೋಸ್ಯಾಟ್ ಈ ಕೊರತೆಯನ್ನು ನೀಗಿತು. ಅದರಲ್ಲಿರುವ ಅತಿನೇರಳೆ ದೂರದರ್ಶಕಗಳು ಎರಡು. ಒಂದೊಂದರ ಕನ್ನಡಿಯ ವ್ಯಾಸ ಸುಮಾರು 38 ಸೆಂಟಿಮೀಟರ್. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ದೇಶದ ಇತರ ಸಂಸ್ಥೆಗಳ ಹಾಗೂ ಕೆನಡಾ ದೇಶದ ಸಹಕಾರದೊಡನೆ ಇವು ಸಿದ್ಧವಾದುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಹಬಲ್ಲಿನ ಕನ್ನಡಿಯ ಮುಂದೆ ಇವು ಬಹಳ ಚಿಕ್ಕವು. ಆದರೆ ಒಂದು ನೋಟದಲ್ಲಿ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ನೋಡಬಲ್ಲವು. ಗ್ರಹೀಯ ನೀಹಾರಿಕೆಗಳ ವಿಷಯದಲ್ಲಿ ಈ ಅಗಲವೇ ಉಪಯೋಗಕ್ಕೆ ಬಂತು.

ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಇಲ್ಲಿ ಉಲ್ಲೇಖನೀಯ. ಎನ್‌ಜಿಸಿ 40 ಎಂಬ ನೀಹಾರಿಕೆಯ ಸುತ್ತ ದೂರದ ಅತಿನೇರಳೆಯಲ್ಲಿ ಮಾತ್ರ ಕಾಣುವ ಪ್ರಭಾವಳಿಯೊಂದು ಪತ್ತೆಯಾಯಿತು. ಎನ್‌ಜಿಸಿ 6302, ಎಂದರೆ ಚಿಟ್ಟೆ ನೀಹಾರಿಕೆ, ಕಾಣುವ ಬೆಳಕಿನಲ್ಲಿ ಎರಡು ರೆಕ್ಕೆಗಳನ್ನು ಬಿಚ್ಚಿಕೊಂಡಂತಿದೆ. ಅತಿನೇರಳೆಯಲ್ಲಿ ಆ ರೆಕ್ಕೆಗಳನ್ನೂ ಮೀರಿ ದೂರಕ್ಕೆ ಚಾಚಿದ ಅನಿಲ ಗೋಚರಿಸಿತು. ತಣ್ಣನೆಯ ಜಲಜನಕದ ಅಣುಗಳು ಕೇಂದ್ರ ತಾರೆಯ ಕಿರಣಗಳನ್ನು ಹೀರಿ ಪ್ರತಿದೀಪ್ತಿಯಿಂದ ಬೆಳಗುತ್ತಿರಬೇಕೆಂಬುದು ಅವರ ನಿರ್ಣಯ. ಇದಕ್ಕೆ ಮಹತ್ವವುಂಟು. ಕೆಂಪು ದೈತ್ಯ ಕಳೆದುಕೊಂಡಿರಬೇಕಾದ ದ್ರವ್ಯಕ್ಕೂ ನೀಹಾರಿಕೆಯಲ್ಲಿ ಕಾಣುವ ದ್ರವ್ಯಕ್ಕೂ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕಾಣೆಯಾದ ಮೊಬಲಗಿನ ಒಂದು ಅಂಶ ಈ ತಣ್ಣನೆಯ ಪ್ರಭಾವಳಿಯಲ್ಲಿ ಅಡಗಿರಬಹುದು.

ಈ ಉಪಕರಣದ ಸಮೀಪದ ಅತಿನೇರಳೆಯ ವಾಹಿನಿ 2018ರಲ್ಲಿ ಕೆಟ್ಟು ನಿಂತಿತು. ದೂರದ ಅತಿನೇರಳೆಯ ವಾಹಿನಿ ಮಾತ್ರ ಮುಂದುವರಿಯಿತು. ಉಪಗ್ರಹಕ್ಕೆ ಗೊತ್ತುಪಡಿಸಿದ್ದ ಆಯುಷ್ಯ ಐದು ವರ್ಷ. ಅದು 2020ಕ್ಕೇ ಮುಗಿದಿತ್ತು. ಇದಕ್ಕಿಂತ ದೊಡ್ಡ ಅತಿನೇರಳೆ ದೂರದರ್ಶಕವೊಂದರ ಪ್ರಸ್ತಾವವನ್ನು ಬೆಂಗಳೂರಿನ ಸಂಸ್ಥೆ ಮುಂದಿಟ್ಟಿದೆ. ಪ್ರಸ್ತಾವಗಳ ಭಾಷಾಂತರ ಮಾಡಿ ಅನುಭವವಿರುವ ನಾನು, ಅವುಗಳಿಗೂ ತಮ್ಮದೇ ಆದ ಕಾಲಮಾನವುಂಟೆಂದು ಮಾತ್ರ ಹೇಳಬಲ್ಲೆ. ಬಿಸಿ ತಾರೆಗಳಾದರೋ ನಮಗಾಗಿ ಕಾಯುವುದಿಲ್ಲ. ತೊರಕೆ ನೀಹಾರಿಕೆ ಮಾಸುತ್ತಿದ್ದ ವರ್ಷಗಳಲ್ಲಿ ಯಾರೂ ಅತಿನೇರಳೆಯಲ್ಲಿ ನೋಡದೆ ಬಿಟ್ಟಿದ್ದರೆ, ಆ ವರ್ಷಗಳನ್ನು ಮರಳಿ ಪಡೆಯಲು ಯಾವ ಅನುದಾನದಿಂದಲೂ ಸಾಧ್ಯವಾಗುತ್ತಿರಲಿಲ್ಲ.

ಕೊನೆಯದಾಗಿ, ತಾವೇ ಒಂದು ಗ್ರಹೀಯ ನೀಹಾರಿಕೆಯನ್ನು ನೋಡಲು ಬಯಸಿದರೆ. ದೆಹಲಿಯ ಧೂಳು, ದೀಪಗಳ ನಡುವೆ ಇದು ಸುಲಭವಲ್ಲ. ರಜೆಯಲ್ಲಿ ಊರಿಗೆ ಹೋದಾಗಲೋ, ಕುಮಾವೂ ಬೆಟ್ಟಗಳಿಗೆ ಹೋದಾಗಲೋ ಪ್ರಯತ್ನಿಸಬಹುದು. ಮಳೆಗಾಲ ಕಳೆದು ಆಕಾಶ ತಿಳಿಯಾದಾಗ, ಸಂಜೆ ಕತ್ತಲಾದ ಮೇಲೆ ಎತ್ತರದಲ್ಲಿ ಬಿಳಿನೀಲಿಯಾಗಿ ಹೊಳೆಯುವ ಅಭಿಜಿತ್ ನಕ್ಷತ್ರವನ್ನು ಗುರುತಿಸಿ. ಅದರ ಬಳಿ ನಾಲ್ಕು ಮಂದ ತಾರೆಗಳ ಓರೆ ಚೌಕವೊಂದಿದೆ. ಅಭಿಜಿತ್‌ನಿಂದ ದೂರದ ಬದಿಯಲ್ಲಿರುವ ಎರಡು ತಾರೆಗಳ ನಡುವೆ ಚಿಕ್ಕ ದೂರದರ್ಶಕವನ್ನು ತಿರುಗಿಸಿದರೆ, ಬಾಯಿಂದ ಬಿಟ್ಟ ಹೊಗೆಯ ಸುರುಳಿಯಂತಹ ಬೂದು ಬಣ್ಣದ ಪುಟ್ಟ ಉಂಗುರ ಕಾಣುತ್ತದೆ. 1779ರಲ್ಲಿ ಫ್ರಾನ್ಸಿನ ವೀಕ್ಷಕರು ಕಂಡ ಉಂಗುರ ನೀಹಾರಿಕೆ ಇದೇ. ನಮ್ಮಿಂದ ಸುಮಾರು 2,500 ಜ್ಯೋತಿರ್ವರ್ಷ ದೂರದಲ್ಲಿದೆ. ನಡುವೆ ಒಂದು ಲಕ್ಷ ಕೆಲ್ವಿನ್ನಿಗೂ ಮಿಕ್ಕಿ ಬಿಸಿಯಾದ ತಾರೆಯಿದೆ. ಚಿಕ್ಕ ದೂರದರ್ಶಕಕ್ಕೆ ಅದು ನಿಲುಕುವುದಿಲ್ಲ, ಉಂಗುರ ಮಾತ್ರ ಕಾಣುತ್ತದೆ.